ಎಂಜಿನ್ ಬಿಚ್ಚುವ ಮೊದಲು ಮೂರು ಬಾಟಲಿ ಎಣ್ಣೆ: ಶಿರಸಿಯ ಒಂದು ಕಾರಿನ ಕಥೆ

ಮಾರ್ಚ್ ಕೊನೆಯ ವಾರ ಭಾವ ಫೋನ್ ಮಾಡಿದ. "ಎಂಜಿನ್ ಬಿಚ್ಚವಡ. ಎಂಬತ್ತೈದು ಸಾವಿರ ಆಗ್ತಡ. ಎಂತ ಮಾಡವು?"

ಅವನ ಮನೆ ಶಿರಸಿಯಿಂದ ಹನ್ನೆರಡು ಕಿಲೋಮೀಟರ್ ಒಳಗೆ. ತೋಟ ಇದೆ, ಜೊತೆಗೆ ಅಪ್ಪೆಮಿಡಿ ಉಪ್ಪಿನಕಾಯಿಯ ಸಣ್ಣ ವ್ಯಾಪಾರ. ವಾರಕ್ಕೆ ಎರಡು ಸಲ ಡಿಕ್ಕಿ ತುಂಬ ಬಾಟಲಿ ಹೇರಿಕೊಂಡು ದೇವಿಮನೆ ಘಟ್ಟ ಇಳಿಯುತ್ತಾನೆ. ಕುಮಟಾ, ಗೋಕರ್ಣದ ಅಂಗಡಿಗಳಿಗೆ ಹಾಕಿ ಸಂಜೆ ಅದೇ ಘಟ್ಟ ಹತ್ತಿ ವಾಪಸ್. ಕಾರು 2014ರದ್ದು, 1.3 ಲೀಟರಿನ ಡೀಸೆಲ್. ಆಗ ಓಡಿದ್ದು 1,46,000 ಕಿ.ಮೀ.

ಗ್ಯಾರೇಜಿನ ಮೇಸ್ತ್ರಿ ಹೇಳಿದ್ದು ಇಷ್ಟು. ಘಟ್ಟದಲ್ಲಿ ಕಪ್ಪು ಹೊಗೆ. ಪಿಕಪ್ ಇಲ್ಲ. ಎಂಜಿನ್ ಓಡುತ್ತಿರುವಾಗ ಎಣ್ಣೆ ಹಾಕುವ ಮುಚ್ಚಳ ತೆಗೆದರೆ ಭುಸುಭುಸು ಉಸಿರು ಬಿಡುತ್ತದೆ. ಜುಲೈಯಲ್ಲಿ ಎಣ್ಣೆ ಬದಲಿಸಿದ ಮೇಲೆ ಮಧ್ಯದಲ್ಲಿ 700 ಎಂಎಲ್ ಟಾಪ್‌ಅಪ್ ಬೇಕಾಯಿತು. "ರಿಂಗ್ ಹೋಗಿದೆ ಸರ್, ಎಂಜಿನ್ ಕೆಲಸಕ್ಕೆ ಬಂದಿದೆ. ಈಗ ಇಳಿಸಿದ್ರೆ ಬೋರಿಂಗಲ್ಲಿ ಮುಗೀತದೆ, ಬಿಟ್ರೆ ಕ್ರ್ಯಾಂಕಿಗೂ ಬರ್ತದೆ."

ಮೇಸ್ತ್ರಿ ಸುಮ್ನೆ ದುಡ್ಡು ಹೊಡೆಯುವ ಪೈಕಿ ಅಲ್ಲ. ಭಾವನ ಅಪ್ಪನ ಕಾಲದ ಜೀಪು ನೋಡಿದವರು. ಆದರೆ ನನಗೆ ಒಂದು ವಿಷಯ ಹೊಂದಲಿಲ್ಲ. ರಿಂಗ್ ಅಂದರೆ ಪಿಸ್ಟನ್ ಸುತ್ತ ಕೂರುವ ಬಳೆ. ಅದು ಸವೆದ ಎಂಜಿನ್ ಎಣ್ಣೆ ಸುಡುತ್ತದೆ, ಆಗ ಬರುವುದು ನೀಲಿ ಹೊಗೆ. ಕಪ್ಪು ಹೊಗೆ ಅಂದರೆ ಡೀಸೆಲ್ ಜಾಸ್ತಿ, ಗಾಳಿ ಕಮ್ಮಿ. ಅದು ಬೇರೆ ಕಾಯಿಲೆ. ಮುಚ್ಚಳ ತೆಗೆದಾಗ ಉಸಿರು ಬಿಡುವುದು ಲಕ್ಷ ದಾಟಿದ ಯಾವ ಡೀಸೆಲ್‌ನಲ್ಲೂ ಸ್ವಲ್ಪ ಇದ್ದೇ ಇರುತ್ತದೆ. ಹತ್ತು ಸಾವಿರ ಕಿಲೋಮೀಟರಿಗೆ ಮುಕ್ಕಾಲು ಲೀಟರ್ ಎಣ್ಣೆ ಖುಷಿಪಡುವ ಲೆಕ್ಕ ಅಲ್ಲ, ಹೌಹಾರುವ ಲೆಕ್ಕವೂ ಅಲ್ಲ.

ನಾನು ಕಾರಿನ ಮೆಕ್ಯಾನಿಕ್ ಅಲ್ಲ. ವರ್ಷಗಟ್ಟಲೆ ಕೆಲಸ ಮಾಡಿದ್ದು ವಿದ್ಯುತ್ ಘಟಕವೊಂದರ ಮೇಂಟೆನೆನ್ಸಿನಲ್ಲಿ. ಅಲ್ಲಿ ಟರ್ಬೈನಿನ ಬೇರಿಂಗ್ ಹೇಗಿದೆ ಅಂತ ನೋಡಲು ಯಾರೂ ಟರ್ಬೈನ್ ಬಿಚ್ಚುವುದಿಲ್ಲ. ಎಣ್ಣೆಯ ಸ್ಯಾಂಪಲ್ ಲ್ಯಾಬಿಗೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರಿಗೂ ಅದೇ ಪದ್ಧತಿ. ರೈಲ್ವೆಯ ಡೀಸೆಲ್ ಶೆಡ್ಡುಗಳಲ್ಲೂ ಇದು ಹಳೆಯ ರೂಢಿ. ಅಮೆರಿಕದ ರೈಲ್ವೆಯವರು ಲೋಕೋಮೋಟಿವ್ ಎಣ್ಣೆಯಲ್ಲಿ ಲೋಹ ಅಳೆಯಲು ಶುರು ಮಾಡಿದ್ದೇ 1940ರ ದಶಕದಲ್ಲಿ. ಕಾರಿನವರು ಮಾತ್ರ ಇವತ್ತಿಗೂ ಡಿಪ್‌ಸ್ಟಿಕ್ಕಿನ ಎಣ್ಣೆಯನ್ನು ಎರಡು ಬೆರಳಲ್ಲಿ ಉಜ್ಜಿ "ಕಪ್ಪಾಗಿದೆ" ಅನ್ನುತ್ತಾರೆ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಎಣ್ಣೆ ಹಾಕಿ ಊರು ದಾಟುವುದರೊಳಗೆ ಕಪ್ಪಾಗುತ್ತದೆ. ಆ ಬಣ್ಣದಿಂದ ಏನೂ ತಿಳಿಯುವುದಿಲ್ಲ.

"ಎಂಜಿನ್ ಬಿಚ್ಚಬೇಡ, ಮೊದಲು ಎಣ್ಣೆ ಟೆಸ್ಟ್ ಮಾಡಿಸೋಣ. ಎರಡು ಸಾವಿರದ ಒಳಗೆ ಆಗ್ತದೆ. ನೂರು ಎಂಎಲ್ ಎಣ್ಣೆ ತೆಗೆದು ಇಡು" ಅಂದೆ.

ಉಪ್ಪಿನಕಾಯಿ ಬಾಟಲಿ

ಭಾನುವಾರ ಕಾರವಾರದಿಂದ ಹೋದೆ. ಭಾವ ಎಣ್ಣೆ ತೆಗೆದು ಇಟ್ಟಿದ್ದ, ಅವನದೇ ಅಪ್ಪೆಮಿಡಿ ಬಾಟಲಿಯಲ್ಲಿ. ಚೆನ್ನಾಗಿ ತೊಳೆದಿದ್ದೇನೆ ಅಂದ. ಮುಚ್ಚಳ ತೆಗೆದರೆ ಮಿಡಿಯ ಪರಿಮಳ.

ಚೆಲ್ಲಿದೆ. ಅವನಿಗೆ ಸಿಟ್ಟು ಬಂತು. ಆದರೆ ಉಪ್ಪು ಅಂದರೆ ಸೋಡಿಯಂ. ಎಣ್ಣೆಯಲ್ಲಿ ಸೋಡಿಯಂ ಕಂಡರೆ ಓದುವವರು ಮೊದಲು ಅನುಮಾನ ಪಡುವುದು ಎಂಜಿನ್ ತಣ್ಣಗಿಡುವ ಕೂಲಂಟಿನ ಮೇಲೆ, ಯಾಕೆಂದರೆ ಕೂಲಂಟಿನಲ್ಲಿ ಸೋಡಿಯಂ ಅಥವಾ ಪೊಟ್ಯಾಸಿಯಂ ಲವಣ ಇರುತ್ತದೆ. ಮುಚ್ಚಳದ ಸುರುಳಿಯಲ್ಲಿ ಉಳಿದ ಉಪ್ಪಿನಿಂದ "ಹೆಡ್ ಗ್ಯಾಸ್ಕೆಟ್ (ಕೂಲಂಟ್ ಎಣ್ಣೆಗೆ ಸೋರದಂತೆ ತಡೆಯುವ ಪದರ) ಹೋಗಿದೆ" ಎಂಬ ವರದಿ ಬಂದಿದ್ದರೆ ಎಂಬತ್ತೈದು ಸಾವಿರದ ಜೊತೆ ಇನ್ನಷ್ಟು ಸೇರುತ್ತಿತ್ತು. ಗ್ಯಾರೇಜಿನ ಟ್ರೇಯಿಂದ ಬಗ್ಗಿಸಿಕೊಂಡ ಎಣ್ಣೆಯ ಪಾಡೂ ಇದೇ. ಆ ಟ್ರೇಗೆ ಬೆಳಿಗ್ಗೆ ಯಾವ ಗಾಡಿಯ ಏನು ಬಿದ್ದಿತ್ತೋ.

ಮೆಡಿಕಲ್ ಶಾಪಿನಿಂದ 50 ಎಂಎಲ್ ಸಿರಿಂಜ್, ಮೀನಿನ ತೊಟ್ಟಿಗೆ ಗಾಳಿ ಬಿಡುವ ತೆಳು ಪೈಪು. ಇಷ್ಟೇ ಸಾಮಾನು. ಪೈಪನ್ನು ಡಿಪ್‌ಸ್ಟಿಕ್ ಪಕ್ಕ ಹಿಡಿದು, ತುದಿ ಸಂಪಿನ, ಅಂದರೆ ಎಂಜಿನ್ ಅಡಿಯ ಎಣ್ಣೆ ತೊಟ್ಟಿಯ, ತಳ ಮುಟ್ಟದೆ ಎಣ್ಣೆಯ ನಡುಮಧ್ಯ ನಿಲ್ಲುವಂತೆ ಗುರುತು ಹಾಕಿಕೊಂಡೆ. ತಳದಲ್ಲಿ ವರ್ಷಗಳ ಮಡ್ಡಿ ಇರುತ್ತದೆ, ಅದು ಬಂದರೆ ಲೆಕ್ಕ ಕೆಡುತ್ತದೆ. ಕಾರನ್ನು ಶಿರಸಿ ಪೇಟೆಯ ತನಕ ಓಡಿಸಿ ತಂದು, ಎಂಜಿನ್ ಆರಿಸಿ ಐದು ನಿಮಿಷದೊಳಗೆ ಎಳೆದೆ. ಬಿಸಿ ಇದ್ದಾಗ ಎಲ್ಲಾ ಕಲಸಿಕೊಂಡಿರುತ್ತದೆ. ಮೊದಲ ಸಿರಿಂಜ್ ಎಣ್ಣೆ ಪೈಪು ತೊಳೆಯಲು, ಚೆಲ್ಲುವುದು. ಎರಡನೆಯದು, ಮೂರನೆಯದು ಬಾಟಲಿಗೆ. ಅದೇ ಬ್ರ್ಯಾಂಡಿನ ಹೊಸ ಎಣ್ಣೆಯನ್ನೂ ಇನ್ನೊಂದು ಬಾಟಲಿಯಲ್ಲಿ ಕಳಿಸಿದೆ. ಹೊಸದರಲ್ಲಿ ಏನಿತ್ತು ಅಂತ ಗೊತ್ತಿಲ್ಲದೆ ಹಳೆಯದರಲ್ಲಿ ಏನು ಸೇರಿದೆ ಅಂತ ಹೇಳುವುದು ಹೇಗೆ? ಈ ಎರಡನೇ ಬಾಟಲಿಯ ಖರ್ಚು ಉಳಿಸಲು ಹೋಗುವವರೇ ಜಾಸ್ತಿ. ಕೊನೆಗೆ ಅದೇ ನಮ್ಮನ್ನು ಉಳಿಸಿತು.

ಮೊದಲ ವರದಿ

ಲ್ಯಾಬಿನಲ್ಲಿ ಮಾಡುವುದು ಏನು? ಒಲೆಗೆ ಒಂದು ಚಿಟಿಕೆ ಉಪ್ಪು ಬಿದ್ದರೆ ಬೆಂಕಿ ಹಳದಿಯಾಗುತ್ತದಲ್ಲ, ಅದೇ ತತ್ವ. ಎಣ್ಣೆಯನ್ನು ಭಾರೀ ಶಾಖದಲ್ಲಿ ಸುಡುತ್ತಾರೆ. ಒಂದೊಂದು ಲೋಹಕ್ಕೆ ಒಂದೊಂದು ಬಣ್ಣದ ಬೆಳಕು. ಯಾವ ಬೆಳಕು ಎಷ್ಟು ಅಂತ ಯಂತ್ರ ಅಳೆದು ಪಿಪಿಎಂನಲ್ಲಿ ಕೊಡುತ್ತದೆ. ಒಂದು ಪಿಪಿಎಂ ಅಂದರೆ ಒಂದು ಕಿಲೋ ಎಣ್ಣೆಯಲ್ಲಿ ಒಂದು ಮಿಲಿಗ್ರಾಂ.

ಎಣ್ಣೆ ಓಡಿದ್ದು 9,800 ಕಿ.ಮೀ. ವರದಿಯಲ್ಲಿ ಕಬ್ಬಿಣ 118, ಅಲ್ಯೂಮಿನಿಯಂ 34, ಕ್ರೋಮಿಯಂ 6, ತಾಮ್ರ 9, ಸೀಸ 4, ತವರ ಸೊನ್ನೆ. ಸಿಲಿಕಾನ್ 52. ಸೋಡಿಯಂ 6, ಪೊಟ್ಯಾಸಿಯಂ 2. ದಪ್ಪ 100 ಡಿಗ್ರಿಯಲ್ಲಿ 13.2 ಸೆಂಟಿಸ್ಟೋಕ್, ಹೊಸದರಲ್ಲಿ 14.5 ಇತ್ತು. ಕೆಳಗೆ ಲ್ಯಾಬಿನವರ ಒಂದು ಸಾಲು: "ಪಿಸ್ಟನ್ ಮತ್ತು ಲೈನರ್ ಸವೆತ ಅಸಹಜ. ಎಂಜಿನ್ ಪರಿಶೀಲಿಸಿ."

ಭಾವ ಈ ಸಾಲು ಓದಿ, "ಮೇಸ್ತ್ರಿ ಹೇಳಿದ್ದೇ ಬಂತು, ಸುಮ್ನೆ ದುಡ್ಡು ದಂಡ" ಅಂದ.

ಅಂಕಿಗಳನ್ನು ಒಂದೊಂದಾಗಿ ನೋಡಿದರೆ ಹಾಗೇ ಅನ್ನಿಸುತ್ತದೆ. ಒಟ್ಟಿಗೆ ನೋಡಬೇಕು. ಬೇರಿಂಗ್ ಶೆಲ್ಲಿನ ಮೈಮೇಲೆ ಸಾಮಾನ್ಯವಾಗಿ ಇರುವುದು ಸೀಸ, ತವರ, ತಾಮ್ರ. ಈ ಮೂರೂ ತಣ್ಣಗಿವೆ. ಅಂದರೆ ಕ್ರ್ಯಾಂಕ್ ಬೇರಿಂಗ್ ಸದ್ಯಕ್ಕೆ ಕ್ಷೇಮ. "ಬಿಟ್ರೆ ಕ್ರ್ಯಾಂಕಿಗೂ ಬರ್ತದೆ" ಎಂಬ ಮಾತಿಗೆ ಎಣ್ಣೆಯಲ್ಲಿ ಸಾಕ್ಷಿ ಇಲ್ಲ. ಸೋಡಿಯಂ, ಪೊಟ್ಯಾಸಿಯಂ ಕಮ್ಮಿ, ಹೆಡ್ ಗ್ಯಾಸ್ಕೆಟ್ ಸರಿ ಇದೆ. ದಪ್ಪ ಸ್ವಲ್ಪ ಇಳಿದಿದೆ, ಆದರೆ ಇದು 40 ಗ್ರೇಡಿನ ಎಣ್ಣೆ, ಆ ಗ್ರೇಡಿನ ಕೆಳಗಿನ ಗೆರೆ 12.5, ಅದಕ್ಕಿಂತ ಮೇಲೇ ಇದೆ. ಎಣ್ಣೆಗೆ ಡೀಸೆಲ್ ತುಂಬಾ ಇಳಿಯುತ್ತಿದ್ದರೆ ಇಷ್ಟರಲ್ಲಿ ನಿಲ್ಲುತ್ತಿರಲಿಲ್ಲ. ಆಮ್ಲ ತಡೆಯುವ ಶಕ್ತಿ, ಅಂದರೆ ಟಿಬಿಎನ್, 10ರಿಂದ 5ಕ್ಕೆ ಬಂದಿತ್ತು. 2020ರ ಏಪ್ರಿಲ್‌ನಿಂದ ಬಿಎಸ್-6 ಡೀಸೆಲ್ ಬಂದು ಗಂಧಕ 50ರಿಂದ 10 ಪಿಪಿಎಂಗೆ ಇಳಿದ ಮೇಲೆ ಈ ಟಿಬಿಎನ್ ಚಿಂತೆ ಎಷ್ಟೋ ಕಮ್ಮಿಯಾಗಿದೆ.

ಉಳಿದದ್ದು ನಾಲ್ಕು: ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ, ಸಿಲಿಕಾನ್. ಅಂದರೆ ಕ್ರಮವಾಗಿ ಲೈನರ್ (ಸಿಲಿಂಡರಿನ ಒಳಗೋಡೆ), ರಿಂಗ್, ಪಿಸ್ಟನ್, ಮತ್ತೆ ಮಣ್ಣು. ಮರಳು, ಧೂಳು ಎಲ್ಲ ಸಿಲಿಕಾನಿನ ಮನೆ. ಧೂಳು ಒಳಗೆ ಹೋದರೆ ರಿಂಗಿಗೂ ಲೈನರಿಗೂ ನಡುವೆ ಅರೆಯುವ ಪೇಸ್ಟ್ ಆಗುತ್ತದೆ. ಹಾಗಾಗಿ ಈ ನಾಲ್ಕೂ ಕೈ ಹಿಡಿದುಕೊಂಡು ಏರುತ್ತವೆ.

ಇಲ್ಲಿ ಒಂದು ಅಡ್ಡಿ ಇತ್ತು. ಜುಲೈಯಲ್ಲಿ ಎಣ್ಣೆ ಬದಲಿಸುವಾಗ ಸಂಪ್ ಸೋರುತ್ತಿದೆ ಅಂತ ಇಳಿಸಿ ಗ್ಯಾಸ್ಕೆಟ್ ಪೇಸ್ಟ್ ಹಚ್ಚಿ ಕೂರಿಸಿದ್ದರು. ಆ ಪೇಸ್ಟೂ ಸಿಲಿಕೋನ್. ಹೊಸದಾಗಿ ಹಚ್ಚಿದ್ದು ಎಣ್ಣೆಗೆ ತಿಂಗಳುಗಟ್ಟಲೆ ಸಿಲಿಕಾನ್ ಬಿಡುತ್ತದೆ, ಅದರಿಂದ ಎಂಜಿನ್ನಿಗೆ ಏನೂ ತೊಂದರೆ ಇಲ್ಲ. ಹಾಗಾದರೆ 52ರಲ್ಲಿ ಪೇಸ್ಟ್ ಎಷ್ಟು, ಮಣ್ಣು ಎಷ್ಟು? ನಿಜ ಹೇಳಬೇಕೆಂದರೆ ನಾನು ಎರಡು ದಿನ ಪೇಸ್ಟ್ ಪಕ್ಷದಲ್ಲೇ ಇದ್ದೆ. ಹಾಗಿದ್ದರೆ ಲ್ಯಾಬಿನವರು ಹೇಳಿದ್ದೇ ಸರಿ, ಪಿಸ್ಟನ್ ತಾನಾಗಿ ಸವೆಯುತ್ತಿದೆ, ಭಾವನಿಗೆ ಖರ್ಚು ತಪ್ಪಿದ್ದಲ್ಲ. ಅಲ್ಯೂಮಿನಿಯಂ 34 ಸಣ್ಣ ಅಂಕಿ ಅಲ್ಲ. ಎಲ್ಲ ಪುಸ್ತಕದ ಲೆಕ್ಕದಲ್ಲೂ ಧೂಳಿನಲ್ಲಿ ಸಿಲಿಕಾನ್ ಅಲ್ಯೂಮಿನಿಯಂಗಿಂತ ಎಷ್ಟೋ ಪಟ್ಟು ಜಾಸ್ತಿ ಇರಬೇಕು. ಇಲ್ಲಿ ಒಂದೂವರೆ ಪಟ್ಟು ಮಾತ್ರ.

ಆಮೇಲೆ ಹೊಳೆಯಿತು: ಯಾವ ಊರಿನ ಧೂಳು? ಪುಸ್ತಕ ಬರೆದವರ ಊರಿನದ್ದು ಮರಳು ಧೂಳು. ನಮ್ಮದು ಕೆಮ್ಮಣ್ಣು. ಚಿರೇಕಲ್ಲು ಆಗುವುದೇ ಲಕ್ಷಾಂತರ ವರ್ಷ ಮಳೆ ಹೊಯ್ದು ಸಿಲಿಕಾ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಹಿಂದೆ ಉಳಿದು. ಆ ಕೆಂಪು ಬಣ್ಣ ಕಬ್ಬಿಣದ ತುಕ್ಕೇ. ಅಂದರೆ ನಮ್ಮ ಘಟ್ಟದ ಧೂಳು ಎಂಜಿನ್ನಿಗೆ ಹೋದರೆ ಅಲ್ಯೂಮಿನಿಯಂ ಅದೇ ತರುತ್ತದೆ, ಕಬ್ಬಿಣವನ್ನೂ ಒಂದಿಷ್ಟು ಅದೇ ತರುತ್ತದೆ. ವರದಿ ಓದುವವರಿಗೆ ಅದು ಪಿಸ್ಟನ್ ಆಗಿ ಕಾಣುತ್ತದೆ. ಕುಮಟಾ-ಶಿರಸಿ ರಸ್ತೆ ಅಗಲ ಮಾಡುವ ಕೆಲಸ ವರ್ಷಗಟ್ಟಲೆ ನಡೆದದ್ದು ಈ ಕಡೆಯ ಎಲ್ಲರಿಗೂ ಗೊತ್ತು. ಬೇಸಿಗೆಯಲ್ಲಿ ಅಲ್ಲಿ ಮುಂದಿನ ಲಾರಿಯೇ ಕಾಣುತ್ತಿರಲಿಲ್ಲ, ರಸ್ತೆ ಬದಿಯ ಮರದ ಎಲೆಯೂ ಕೆಂಪು.

ಊಹೆ ಚೆನ್ನಾಗಿತ್ತು, ಸಾಕ್ಷಿ ಬೇಕಲ್ಲ. ವರದಿಯ ತೀರಾ ಕೆಳಗೆ, ಯಾರೂ ಓದದ ಸಾಲುಗಳಲ್ಲಿ ಒಂದು ಇತ್ತು: ಟೈಟಾನಿಯಂ 3. ಇಂಥ ಎಂಜಿನ್ನಿನಲ್ಲಿ ಟೈಟಾನಿಯಂ ಉದುರಿಸುವ ಭಾಗ ಇಲ್ಲ. ಕೆಲವು ಕಂಪನಿಗಳ ಎಣ್ಣೆಯಲ್ಲಿ ಅದನ್ನು ಬೇಕೆಂದೇ ಹಾಕುತ್ತಾರೆ. ಅದಕ್ಕೇ ಹೊಸ ಎಣ್ಣೆಯ ವರದಿ ತೆಗೆದು ನೋಡಿದೆ. ಅಲ್ಲಿ ಸೊನ್ನೆ. ಕೆಮ್ಮಣ್ಣಿನಲ್ಲಾದರೆ ಟೈಟಾನಿಯಂ ಅಲ್ಪಸ್ವಲ್ಪ ಇದ್ದೇ ಇರುತ್ತದೆ, ಅದೂ ಅಲ್ಯೂಮಿನಿಯಂ ಹಾಗೆ ಮಳೆಗೆ ತೊಳೆದುಹೋಗದೆ ಉಳಿಯುವ ಜಾತಿ. ಪೇಸ್ಟಿನಿಂದ ಇಷ್ಟೆಲ್ಲ ಒಟ್ಟಿಗೆ ಬರುವುದಿಲ್ಲ. ಮೂರು ಪಿಪಿಎಂ ಒಂದನ್ನೇ ನಂಬಿ ನಾನು ಯಾರ ಎಂಜಿನ್ ಬಗ್ಗೆಯೂ ತೀರ್ಪು ಕೊಡುವುದಿಲ್ಲ. ಆದರೆ ಏರ್ ಫಿಲ್ಟರ್ ಡಬ್ಬಿ ಬಿಚ್ಚಿ ನೋಡಲು ಅಷ್ಟು ಸಾಕು.

ಕೆಂಪು ಬೆರಳು

ಮುಂದಿನ ಶನಿವಾರ ಗ್ಯಾರೇಜಿನಲ್ಲಿ ಮೂವರೂ ಇದ್ದೆವು. ಮೇಸ್ತ್ರಿಗೆ ನಾನು ಬಂದದ್ದು ಅಷ್ಟು ಇಷ್ಟ ಆಗಿರಲಿಲ್ಲ. "ಏರ್ ಫಿಲ್ಟರ್ ಡಿಸೆಂಬರದಲ್ಲೇ ಹೊಸ್ತು ಹಾಕಿದ್ದು" ಅಂದರು. ಆದರೂ ಫಿಲ್ಟರಿನಿಂದ ಟರ್ಬೊ ಕಡೆ, ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪಂಖದ ಕಡೆ, ಹೋಗುವ ರಬ್ಬರ್ ಪೈಪಿನ ಕ್ಲಿಪ್ ಅವರೇ ಬಿಚ್ಚಿದರು. ಬಿಳಿ ಬಟ್ಟೆ ಸಿಗಲಿಲ್ಲ. ನಾನು ಬೆರಳನ್ನೇ ಪೈಪಿನ ಒಳಗೆ ಹಾಕಿ ಒಂದು ಸುತ್ತು ತಿರುಗಿಸಿ ತೆಗೆದೆ. ಉಗುರಿನ ತನಕ ಕೆಂಪು. ಫಿಲ್ಟರ್ ದಾಟಿದ ಮೇಲಿನ ಜಾಗ ಅದು. ಅಲ್ಲಿ ಬೆರಳು ಸ್ವಚ್ಛ ಬರಬೇಕು, ಹೆಚ್ಚೆಂದರೆ ಎಣ್ಣೆಯ ಪಸೆ ಇರಬಹುದು.

ಮೇಸ್ತ್ರಿ ಏನೂ ಮಾತಾಡದೆ ಡಬ್ಬಿಯ ಮುಚ್ಚಳ ತೆಗೆದರು. ಮೇಲಿನಿಂದ ಫಿಲ್ಟರ್ ನೆಟ್ಟಗಿತ್ತು. ಎತ್ತಿದಾಗ ಅಡಿಯಲ್ಲಿ ಒಂದು ಮೂಲೆಯಿಂದ ಕಾಗದ ಇರಲಿಲ್ಲ. ಎರಡು ಬೆರಳು ಹೋಗುವಷ್ಟು ತೂತು, ಅಂಚೆಲ್ಲ ಸಣ್ಣ ಸಣ್ಣ ಹಲ್ಲಿನ ಗುರುತು. ಡಬ್ಬಿಯ ತಳದಲ್ಲಿ ಕಾಗದದ ಚೂರು, ಅಡಿಕೆ ಸಿಪ್ಪೆಯ ನಾರು, ಒಂದಿಷ್ಟು ಹಿಕ್ಕೆ. ಇಲಿ ಬೆಚ್ಚಗೆ ಸಂಸಾರ ಹೂಡಿತ್ತು. ಡಿಸೆಂಬರ್ ಅಂದರೆ ಅಡಿಕೆ ಸುಲಿಯುವ ಕಾಲ. ಭಾವ ಕಾರು ನಿಲ್ಲಿಸುವುದು ಸಿಪ್ಪೆ ರಾಶಿಯ ಪಕ್ಕದ ಕೊಟ್ಟಿಗೆಯಲ್ಲಿ.

"ಹೊಸ ಫಿಲ್ಟರ್ ಹಾಕಿದ್ದು ನಿಜವೇ ಆತಲ" ಅಂದ ಭಾವ. ಮೇಸ್ತ್ರಿ ನಕ್ಕರು. ಅಲ್ಲಿಂದ ಮುಂದೆ ಕೆಲಸ ಸಲೀಸಾಯಿತು.

ಕಪ್ಪು ಹೊಗೆಯ ಕಾರಣ ಹುಡುಕಿದ್ದು ಅವರೇ. ಟರ್ಬೊದಿಂದ ಗಾಳಿ ತಣಿಸುವ ಇಂಟರ್‌ಕೂಲರಿಗೆ ಹೋಗುವ ಪೈಪ್ ಹಿಡಿದು ಮಡಚಿದರೆ ಅಡಿಯಲ್ಲಿ ಎರಡಿಂಚು ಸೀಳು, ಸುತ್ತ ಎಣ್ಣೆ ಪಸೆ. ಘಟ್ಟ ಹತ್ತುವಾಗ ಅಲ್ಲಿಂದ ಗಾಳಿ ಉಸ್ ಅಂತ ಹೊರಗೆ ಹೋಗುತ್ತಿತ್ತು. ಡೀಸೆಲ್ ಅಷ್ಟೇ ಬೀಳುತ್ತದೆ, ಗಾಳಿ ಸಾಲದು, ಕಪ್ಪು ಹೊಗೆ. "ಧೂಳು ಹೋಗಿದ್ದೂ ಇಲ್ಲಿಂದ್ಲೇ ಇರ್ಬೇಕು" ಅಂದರು. ಇದನ್ನು ಮಾತ್ರ ನಾನು ಒಪ್ಪಲಿಲ್ಲ. ಟರ್ಬೊ ದಾಟಿದ ಮೇಲೆ ಪೈಪಿನೊಳಗೆ ಒತ್ತಡ ಇರುತ್ತದೆ. ಅಲ್ಲಿ ಸೀಳಿದ್ದರೆ ಗಾಳಿ ಹೊರಗೆ ನುಗ್ಗುತ್ತದೆ, ಒಳಗೆ ಎಳೆಯುವುದಿಲ್ಲ. ಎಳೆಯುವುದು ಟರ್ಬೊಗಿಂತ ಮೊದಲಿನ ಭಾಗ. ಒಂದೇ ಕಾರಿನಲ್ಲಿ ಎರಡು ಬೇರೆ ಕಾಯಿಲೆ ಒಟ್ಟಿಗೆ ಬಂದಿದ್ದವು, ನಾವು ಮೂವರೂ ಒಂದೇ ಅಂದುಕೊಂಡಿದ್ದೆವು.

ಇನ್ನೊಂದು ನೋಡುವುದು ಬಾಕಿ ಇತ್ತು. ಲ್ಯಾಬಿನ ಯಂತ್ರ ಚೆನ್ನಾಗಿ ಕಾಣುವುದು ಐದಾರು ಮೈಕ್ರಾನಿನ ಒಳಗಿನ ಕಣಗಳನ್ನು. ಅದಕ್ಕಿಂತ ದೊಡ್ಡ ಚೂರುಗಳು ಅದರ ಕಣ್ಣಿಗೆ ಸರಿಯಾಗಿ ಬೀಳುವುದೇ ಇಲ್ಲ. ಬೇರಿಂಗ್ ಪದರ ಏಳುತ್ತಿದ್ದರೆ, ಗೇರ್ ಹಲ್ಲು ಮುರಿಯುತ್ತಿದ್ದರೆ ವರದಿ ಚೆಂದವೇ ಬರಬಹುದು. ಅಂಥ ಚೂರು ಸಿಗುವುದು ಆಯಿಲ್ ಫಿಲ್ಟರಿನಲ್ಲಿ. ಈ ಎಂಜಿನ್ನಿನದ್ದು ಒಳಗೆ ಕಾಗದದ ಎಲಿಮೆಂಟ್ ಮಾತ್ರ ಬದಲಿಸುವ ಫಿಲ್ಟರ್, ಡಬ್ಬಿ ಕೊಯ್ಯುವ ತಾಪತ್ರಯ ಇಲ್ಲ. ಬ್ಲೇಡಿನಿಂದ ಮಡಿಕೆ ಕತ್ತರಿಸಿ, ಹಿಂಡಿ, ಹಳೇ ಕ್ಯಾಲೆಂಡರಿನ ಬಿಳಿ ಬೆನ್ನಿನ ಮೇಲೆ ಬಿಸಿಲಿಗೆ ಹರಡಿದೆವು. ಪ್ಲಾಸ್ಟಿಕ್ ಸುತ್ತಿದ ಆಯಸ್ಕಾಂತ ಎಳೆದರೆ ಬಂದಿದ್ದು ಕಾಡಿಗೆ ಹಾಗಿನ ನುಣ್ಣನೆ ಮಸಿ. ಬಿಸಿಲಿಗೆ ವಾಲಿಸಿ ವಾಲಿಸಿ ನೋಡಿದೆವು. ಮಿಂಚುವ ಚಕ್ಕೆ ಒಂದೂ ಇಲ್ಲ.

ಪೇಟೆಯಲ್ಲಿ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಅಳೆಯುವ ಗೇಜ್ ಇರುವ ಇನ್ನೊಬ್ಬರ ಹತ್ತಿರ ನಾಲ್ಕೂ ಸಿಲಿಂಡರ್ ಅಳೆಸಿದೆವು: 27, 27, 25, 26 ಬಾರ್. ಮೂರನೆಯದು ಸ್ವಲ್ಪ ಇಳಿದಿದೆ. ಎಂಜಿನ್ ಇಳಿಸುವಷ್ಟಲ್ಲ.

ತೀರ್ಮಾನ ಹೀಗಾಯಿತು. ಎಂಜಿನ್ ಬಿಚ್ಚುವುದಿಲ್ಲ. ಹೊಸ ಏರ್ ಫಿಲ್ಟರ್, ಡಬ್ಬಿಯ ಗಾಳಿ ಬಾಯಿಗೆ ತಂತಿ ಬಲೆ, ಇಂಟರ್‌ಕೂಲರ್ ಪೈಪ್, ಎಣ್ಣೆ, ಆಯಿಲ್ ಫಿಲ್ಟರ್. ಕೂಲಿ ಸೇರಿ ಏಳು ಸಾವಿರದ ಮೇಲೆ ಸ್ವಲ್ಪ. ಮೂರು ಸಾವಿರ ಕಿಲೋಮೀಟರಿಗೆ ಇನ್ನೊಂದು ಸ್ಯಾಂಪಲ್. ಆಗಲೂ ಕಬ್ಬಿಣ ಹೀಗೇ ಏರುತ್ತಿದ್ದರೆ ಮೇಸ್ತ್ರಿ ಹೇಳಿದ್ದೇ ಕೊನೆ ಮಾತು, ಎಂಬತ್ತೈದು ಸಾವಿರ ಕೊಟ್ಟುಬಿಡುವುದು.

ಎರಡನೇ ಬಾಟಲಿ, ಮೂರನೇ ಬಾಟಲಿ

ಜೂನ್ ಎರಡನೇ ವಾರ, ಮಳೆ ಹಿಡಿಯುವ ಹೊತ್ತಿಗೆ, ಎರಡನೇ ವರದಿ ಬಂತು. 3,000 ಕಿ.ಮೀ.ಗೆ ಕಬ್ಬಿಣ 31, ಅಲ್ಯೂಮಿನಿಯಂ 7, ಸಿಲಿಕಾನ್ 17, ಟೈಟಾನಿಯಂ ಸೊನ್ನೆ.

ಭಾವ ಕ್ಯಾಲ್ಕುಲೇಟರ್ ಹಿಡಿದು ಕೂತಿದ್ದ. "ಮೊದಲು 9,800ಕ್ಕೆ 118, ಅಂದ್ರೆ ಸಾವಿರಕ್ಕೆ 12. ಈಗ 3,000ಕ್ಕೆ 31, ಸಾವಿರಕ್ಕೆ 10ರ ಮೇಲೆ. ಎಂತ ಕಡಿಮೆ ಆದಾಂಗಾತು?"

ಸಾವಿರಕ್ಕೆ ಎಷ್ಟು ಅಂತ ಭಾಗಿಸಿ ನೋಡುವುದು ಸರಿಯಾದ ಅಭ್ಯಾಸ, ಬರೀ 118, 31 ಹೋಲಿಸುವುದಕ್ಕಿಂತ ಎಷ್ಟೋ ವಾಸಿ. ಆದರೆ ಅವನು ಒಂದನ್ನು ಮರೆತಿದ್ದ. ಎಣ್ಣೆ ಪೂರ್ತಿ ಇಳಿಸಿದೆವು ಅಂದುಕೊಂಡರೂ ಪೈಪು, ಕೂಲರ್, ಹೆಡ್ಡಿನ ಮೂಲೆಗಳಲ್ಲಿ ಹಳೆಯದು ಉಳಿಯುತ್ತದೆ. ಮೂರು ಲೀಟರಿನ ಈ ಎಂಜಿನ್ನಿನಲ್ಲಿ ಮುನ್ನೂರು ಎಂಎಲ್ ಹಿಡಿಯೋಣ, ಹತ್ತರಲ್ಲಿ ಒಂದು ಭಾಗ. 118ರ ಹತ್ತರಲ್ಲೊಂದು ಅಂದರೆ ಹೆಚ್ಚುಕಮ್ಮಿ 12. ಹೊಸ ಎಣ್ಣೆ ಹಾಕಿದ ದಿನವೇ ಅದರಲ್ಲಿ ಕಬ್ಬಿಣ 12 ಇತ್ತು. 31ರಲ್ಲಿ ಅದನ್ನು ಕಳೆದರೆ 19, ಸಾವಿರಕ್ಕೆ ಆರರ ಮೇಲೆ ಸ್ವಲ್ಪ. ಅರ್ಧಕ್ಕೆ ಬಂತು. ಸಿಲಿಕಾನಿಗೂ ಹೀಗೇ: ಹೊಸ ಎಣ್ಣೆಯಲ್ಲೇ ನೊರೆ ಏಳದಂತೆ ಹಾಕಿದ ಸಿಲಿಕೋನಿನಿಂದ 5 ಇತ್ತು, ಹಳೆಯದರ ಉಳಿಕೆ 5, ನಿಜವಾಗಿ ಹೊಸದಾಗಿ ಸೇರಿದ್ದು 7.

ಮೊದಲಿನ ಆ 12 ಕೂಡ ಮೋಸದ ಸರಾಸರಿಯೇ. ಜುಲೈಯಿಂದ ಡಿಸೆಂಬರ್ ತನಕ ಫಿಲ್ಟರ್ ಚೆನ್ನಾಗಿತ್ತು, ಆಗ ಸವೆತ ಕಮ್ಮಿಯೇ ಇದ್ದಿರಬೇಕು. ಇಲಿ ಬಂದ ಮೇಲಿನ ಮೂರೂವರೆ ತಿಂಗಳು ಏರಿದ್ದನ್ನು ಎಂಟು ತಿಂಗಳಿಗೆ ಹಂಚಿ ನೋಡಿದ್ದೇವೆ. ಸಾಲದ್ದಕ್ಕೆ ಮಧ್ಯ ಹಾಕಿದ 700 ಎಂಎಲ್ ಹೊಸ ಎಣ್ಣೆ ಅಂಕಿಯನ್ನು ಇನ್ನಷ್ಟು ತೆಳು ಮಾಡಿತ್ತು. ಟಾಪ್‌ಅಪ್ ಲೆಕ್ಕ ಬರೆದಿಡದವರ ವರದಿ ಯಾವಾಗಲೂ ನಿಜಕ್ಕಿಂತ ಚೆಂದ ಕಾಣುತ್ತದೆ.

ಇಷ್ಟೆಲ್ಲ ಗಲಾಟೆ ಎಷ್ಟು ಕಬ್ಬಿಣಕ್ಕೆ ಅಂತ ಭಾವ ಕೇಳಿದ. ಮೂರು ಲೀಟರ್ ಎಣ್ಣೆ ಅಂದರೆ 2.6 ಕಿಲೋ. 118ರಿಂದ ಗುಣಿಸಿದರೆ 0.3 ಗ್ರಾಂ. ಹದಿನೈದು ಅಕ್ಕಿ ಕಾಳಿನ ತೂಕ. ಅವನಿಗೆ ನಂಬಿಕೆಯೇ ಬರಲಿಲ್ಲ.

ಮೂರನೇ ಬಾಟಲಿ ಅಕ್ಟೋಬರ್ ಕೊನೆಗೆ, ಜೂನ್‌ನಲ್ಲಿ ಬದಲಿಸಿದ ಎಣ್ಣೆ 5,000 ಕಿ.ಮೀ. ಓಡಿದ ಮೇಲೆ. ಕಬ್ಬಿಣ 27, ಉಳಿಕೆ ಮೂರು ಕಳೆದರೆ ಸಾವಿರಕ್ಕೆ ಐದರ ಒಳಗೆ. ಅಲ್ಯೂಮಿನಿಯಂ 4, ಕ್ರೋಮಿಯಂ 1. ಸಿಲಿಕಾನ್ 12. ಸೀಸ, ತವರ ಎಂದಿನ ಹಾಗೆ.

ಭಾವ ಇದನ್ನು ಊರಿಗೆಲ್ಲ ತೋರಿಸಿದ. ನಾನು ಮಾತ್ರ ಈ ಮೂರನೇ ವರದಿಗೆ ಅರ್ಧ ಅಂಕ ಕೊಡುತ್ತೇನೆ. ಜೂನ್‌ನಿಂದ ಅಕ್ಟೋಬರ್ ತನಕ ಶಿರಸಿ ಕಡೆ ಧೂಳು ಎಲ್ಲಿದೆ? ಆ ತಿಂಗಳುಗಳಲ್ಲಿ ಫಿಲ್ಟರ್ ಕಿತ್ತು ಹಾಕಿ ಓಡಿಸಿದ್ದರೂ ಸಿಲಿಕಾನ್ ಜಾಸ್ತಿ ಏರುತ್ತಿರಲಿಲ್ಲವೋ ಏನೋ. ರಿಪೇರಿ ಫಲ ಕೊಟ್ಟಿದೆ ಎಂಬುದಕ್ಕೆ ನಿಜವಾದ ಸಾಕ್ಷಿ ಎರಡನೇ ಬಾಟಲಿ. ಅದು ಏಪ್ರಿಲ್, ಮೇ ತಿಂಗಳ ಕೆಂಪು ಧೂಳಿನಲ್ಲಿ ಓಡಿದ ಎಣ್ಣೆ.

ಹೋದ ರಿಂಗ್ ವಾಪಸ್ ಬರುವುದಿಲ್ಲ. ಐದು ಸಾವಿರಕ್ಕೆ ಈಗಲೂ 300 ಎಂಎಲ್ ಎಣ್ಣೆ ಬೇಕು, ಮೂರನೇ ಸಿಲಿಂಡರ್ 25ರಲ್ಲೇ ಇದೆ. ಎಣ್ಣೆ ಬದಲಿಸುವುದನ್ನು ಹತ್ತು ಸಾವಿರದಿಂದ ಐದು ಸಾವಿರಕ್ಕೆ ಇಳಿಸಿದ್ದೇವೆ. ಟಿಬಿಎನ್ ಲೆಕ್ಕದಲ್ಲಿ ಏಳೂವರೆ ಸಾವಿರ ಸಲೀಸಾಗಿ ಓಡಿಸಬಹುದಿತ್ತು. ಸವೆದ ಎಂಜಿನ್ ಅಂತ ನಾನೇ ಹೆದರಿ ಐದಕ್ಕೆ ಹೇಳಿದೆ. ಇದಕ್ಕೆ ಅಂಕಿಯ ಆಧಾರ ಇಲ್ಲ, ಭಾವನ ಹೆಂಡತಿ ನನ್ನ ತಂಗಿ ಎಂಬ ಆಧಾರ ಮಾತ್ರ. ಮೂರು ವರದಿ, ಹೊಸ ಎಣ್ಣೆಯದ್ದು ಸೇರಿ ನಾಲ್ಕು, ಒಟ್ಟು ಏಳು ಸಾವಿರ ಚಿಲ್ಲರೆ ಖರ್ಚಾಯಿತು. ರಿಪೇರಿಯಷ್ಟೇ ಪರೀಕ್ಷೆಗೂ ಹೋಯಿತು ಅಂತ ಅವನು ಈಗಲೂ ಗೊಣಗುತ್ತಾನೆ. ಆ ಗೊಣಗಾಟದಲ್ಲಿ ನ್ಯಾಯ ಇದೆ. ಕಾರು ಸರಿಯಾಗಿ ಓಡುತ್ತಿರುವವರು ಪ್ರತಿ ಸಲ ಎಣ್ಣೆ ಕಳಿಸುವುದು ಹಣದ ಪೋಲು. ಎಣ್ಣೆ ಬದಲಿಸುವಾಗಲೆಲ್ಲ ಏರ್ ಫಿಲ್ಟರ್ ಅಡಿಯನ್ನು ಎತ್ತಿ ನೋಡಿದರೆ ಸಾಕು, ಅದಕ್ಕೆ ದುಡ್ಡೇ ಬೇಡ.

ಮುಂದಿನ ಸ್ಯಾಂಪಲ್ ಮಾರ್ಚ್ ಕೊನೆಗೆ, ಧೂಳಿನ ಕಾಲದಲ್ಲಿ. ಲ್ಯಾಬಿನವರೇ ಕೊಟ್ಟ ಖಾಲಿ ಬಾಟಲಿ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇದೆ. ಅಡಿಕೆ ಸುಲಿಯುವುದು ಮತ್ತೆ ಶುರುವಾಗಿದೆ. ಕಾರನ್ನು ಕೊಟ್ಟಿಗೆಯಿಂದ ಅಂಗಳದ ತುದಿಗೆ ತಂದು ನಿಲ್ಲಿಸಿದ್ದಾನೆ, ಮುಂದಿನ ಚಕ್ರದ ಪಕ್ಕ ಬೋನಿಟ್ಟು ಒಳಗೆ ಸುಟ್ಟ ಕೊಬ್ಬರಿ ಚೂರು ಸಿಕ್ಕಿಸಿದ್ದಾನೆ. ನಿನ್ನೆ ಫೋನ್ ಮಾಡಿದಾಗ ಎರಡು ಬಿದ್ದಿದ್ದವು.